ಒಣಬಟ್ಟೆಯ ಸಾಬರು
ಚಂದ್ರಾ ಲೇಔಟಿನ ಪಾರ್ಕಿನಲ್ಲಿ ಭಾನುವಾರ ಮಕ್ಕಳಿಗೆ ಕಥೆ ಹೇಳುವ ಶಂಭುಲಿಂಗಪ್ಪ ಮೇಷ್ಟ್ರು "ಎಲ್ಲಾ ದೇವರೂ ಒಂದೇ ಕಣ್ರೋ" ಎಂದೇ ಶುರುಮಾಡುತ್ತಾರೆ. ಕಥೆಯೊಳಗೆ ಸಾಬರೊಬ್ಬರು ಬಂದೇ ಬರುತ್ತಾರೆ. ಬಂದವರು ಸುಮ್ಮನಿರುವಂತಿಲ್ಲ, ಪೂಜಾರಪ್ಪನ ಮಗು ಬಾವಿಗೆ ಬಿದ್ದರೆ ಹಾರಿ ಎತ್ತಬೇಕು, ಇಲ್ಲವೇ ಗೌಡರ ಅಜ್ಜಿಯನ್ನು ಹೊತ್ತು ಹೊಳೆ ದಾಟಿಸಬೇಕು. ಇಷ್ಟು ವರ್ಷದಲ್ಲಿ ಒಬ್ಬ ಸಾಬರೂ ಒಣಬಟ್ಟೆಯಲ್ಲಿ ಮನೆ ಸೇರಿದ್ದಿಲ್ಲ. ಹೇಳುತ್ತ ಹೇಳುತ್ತ ತಮ್ಮ ದೊಡ್ಡ ಮನಸ್ಸಿಗೆ ತಾವೇ ಕಣ್ಣೊರೆಸಿಕೊಳ್ಳುತ್ತಿದ್ದುದನ್ನು ನೆನೆದರೆ ಈಗ ಮೇಷ್ಟ್ರಿಗೆ ಮುಖ ಮುಚ್ಚಿಕೊಳ್ಳುವಂತಾಗುತ್ತದೆ. ಮೊನ್ನೆ ಮೂಡಲಪಾಳ್ಯದ ಪುಟ್ಟ ರುಮಾನಾ ಕೇಳಿದಳು: "ತಾತ, ನಮ್ಮ ಅಬ್ಬಾ ಯಾರನ್ನೂ ಕಾಪಾಡಿಲ್ಲ, ಬರೀ ಫ್ಯಾನ್ ರಿಪೇರಿ ಮಾಡ್ತಾರೆ. ಅವರೂ ಒಳ್ಳೇವ್ರೇನಾ?" "ಹೂಂ ಕಣಮ್ಮ" ಎಂದು ತಲೆ ತಗ್ಗಿಸಿದ ಮೇಷ್ಟ್ರಿಗೆ, ಫ್ಯಾನ್ ರಿಪೇರಿ ಮಾಡಿ ಒಣಬಟ್ಟೆಯಲ್ಲೇ ಮನೆಗೆ ಹೋಗುವ ಸಾಬರ ಕಥೆ ಒಂದೂ ಬರುವುದಿಲ್ಲ.