ಬೆಳಕಿನ ಬಗ್ಗೆ ತಕರಾರಿಲ್ಲ

ಮೊನ್ನೆ ಬೆಟಗೇರಿಯ ದರ್ಜಿಯೊಬ್ಬನ ಅಂಗಡಿಯಲ್ಲಿ ಅಂಗಿಯ ಅಳತೆ ಕೊಡುತ್ತ ನಿಂತಿದ್ದೆ. ತಲೆಯ ಮೇಲೆ ಹಳೆಯ ಟ್ಯೂಬ್‌ಲೈಟೊಂದು ಗುಂಯ್ ಎನ್ನತೊಡಗಿತು. ನಿಮಗೂ ನೆನಪಿರಬೇಕು: ಸ್ವಿಚ್ ಒತ್ತಿದರೆ ನಾಲ್ಕು ಸಲ ಪಿಳಿಪಿಳಿ ಮಾಡಿ, ಹತ್ತಲೋ ಬೇಡವೋ ಎಂದು ಯೋಚಿಸಿ, ಕೊನೆಗೆ ನಮಗೇನೋ ಉಪಕಾರ ಮಾಡಿದಂತೆ ಹತ್ತುವ ದೀಪ. ನಾನು ಗುಮಾಸ್ತನಾಗಿ ಸೇರಿದ ಕಚೇರಿಯಲ್ಲಿ ಅಂಥವೇ ಇದ್ದವು. ಕಚೇರಿ ಯಾವುದೆಂದು ಕೇಳಬೇಡಿ. ನನಗೆ ಮುಂದೆ ಪೆನ್ಶನ್ ಬರಬೇಕಿದೆ.

ಆ ಮಬ್ಬು ಬೆಳಕಿನಲ್ಲಿ ನಾವೆಲ್ಲ ಸುಖವಾಗಿದ್ದೆವು. ತಪ್ಪು ಬರೆದರೆ ಬೆಳಕಿನ ಮೇಲೆ ಹಾಕುತ್ತಿದ್ದೆವು. ಮಧ್ಯಾಹ್ನದ ತೂಕಡಿಕೆ ಯಾರಿಗೂ ಕಾಣುತ್ತಿರಲಿಲ್ಲ. ಆದರೂ ಆ ಬೆಳಕನ್ನು ಎಲ್ಲರಿಗಿಂತ ಹೆಚ್ಚು ಬೈಯುತ್ತಿದ್ದವರು ದಾಖಲೆ ಕೋಣೆಯ ಶಿವಲಿಂಗಪ್ಪನವರು. ಅಡರಕಟ್ಟಿಯಿಂದಲೋ ಸೊರಟೂರಿನಿಂದಲೋ ಯಾರಾದರೂ ತಮ್ಮ ಹೊಲದ ಹಳೆಯ ಕೈಬರಹದ ಉತಾರ ಹುಡುಕಿಕೊಂಡು ಬಂದರೆ, ಊರ ಹೆಸರು ಕೇಳಿದ್ದೇ ತಡ, ನೆಟ್ಟಗೆ ಕಪಾಟಿಗೆ ಹೋಗಿ ಸರಿಯಾದ ಕಟ್ಟನ್ನೇ ಎಳೆಯುತ್ತಿದ್ದರು. ಓದಿ ಮಾತ್ರ ಹೇಳುತ್ತಿರಲಿಲ್ಲ. "ನಿಮ್ಮ ಹೊಲದ ಕಾಗದ ನೀವ ಓದ್ರಿ. ಈ ಬೆಳಕಿನ್ಯಾಗ ನನಗೇನ ಕಾಣತೈತಿ?" ಎನ್ನುತ್ತಿದ್ದರು. ಅದು ಪರರ ಕಾಗದಕ್ಕೆ ಕಣ್ಣು ಹಾಕದ ಅವರ ಪ್ರಾಮಾಣಿಕತೆ ಎಂದು ನಾವು ಹೊಗಳುತ್ತಿದ್ದೆವು.

ಕರೆಂಟು ಉಳಿಸುವ ಎಲ್‌ಇಡಿ ದೀಪಗಳು ಬರುತ್ತವೆ ಎಂದಾಗ ನನ್ನೊಳಗಿನ ಪರೋಪಕಾರಿ ಎದ್ದು ಕುಳಿತ. ಮೊದಲು ಸಾಹೇಬರ ಕೋಣೆಗೆ ಎಂದಿದ್ದುದನ್ನು, ಅರ್ಜಿ ಬರೆದು, ಎರಡು ಸಲ ಗದಗಕ್ಕೆ ಓಡಾಡಿ, ದಾಖಲೆ ಕೋಣೆಗೇ ಮೊದಲು ಹಾಕಿಸಿದೆ. ಶಿವಲಿಂಗಪ್ಪನವರ ಮೇಲೆ ನನಗೆ ಅಷ್ಟು ಪ್ರೀತಿ.

ದೀಪಗಳು ಹತ್ತಿದವು. ಜೇಡರ ಬಲೆ ಕಂಡಿತು, ಮೂಲೆಯ ಎಲೆ ಅಡಿಕೆಯ ಉಗುಳು ಕಂಡಿತು, ಸಾಹೇಬರು ತಲೆಗೆ ಹಚ್ಚುವ ಬಣ್ಣ ಎಲ್ಲಿಗೆ ಮುಗಿಯುತ್ತದೆಂದು ಇಡೀ ಕಚೇರಿಗೆ ಕಂಡಿತು. ಶಿವಲಿಂಗಪ್ಪನವರು ಮಾತ್ರ ನನ್ನೊಡನೆ ಮಾತು ಬಿಟ್ಟರು. ಒಂದು ಥ್ಯಾಂಕ್ಸೂ ಇಲ್ಲವಲ್ಲ ಎಂದು ನನಗೆ ಸಿಟ್ಟೇ ಬಂದಿತ್ತು.

ತಿಂಗಳಾದ ಮೇಲೆ ಮೇಲಿನಿಂದ ಒಂದು ಫಾರ್ಮ್ ಬಂತು. ಹೊಸ ಬೆಳಕಿನಿಂದ ನೌಕರರ ಕಣ್ಣಿಗೆ ಹಿತವಾಗಿದೆಯೇ, ಕೆಲಸ ಸುಧಾರಿಸಿದೆಯೇ ಎಂಬ ಪ್ರಶ್ನೆಗಳು. ಎಲ್ಲರಿಂದ ತುಂಬಿಸಿ ತರುವ ಕೆಲಸ ನನ್ನದು. ಶಿವಲಿಂಗಪ್ಪನವರ ಫಾರ್ಮಿನಲ್ಲಿ ಪ್ರಶ್ನೆಗಳ ನಟ್ಟನಡುವೆ ತಲೆಕೆಳಗಾದ ಸಹಿಯೊಂದೇ ಇತ್ತು. ಇದೇನು ಚೇಷ್ಟೆ ಎಂದು ಜಗಳಕ್ಕೇ ಹೋದೆ.

ಅವರು ಬಾಗಿಲು ಹಾಕಿ ಬಾ ಎಂದರು. ಬಂದೆ.

"ಕಾಗದದ ತಲಿ ಯಾವುದು, ಬುಡ ಯಾವುದು ಗೊತ್ತಾಗಲಿಲ್ಲೋ ತಮ್ಮಾ."

ಮೋತಿಬಿಂದುವಿನ ಪೊರೆ ಆಗಿದ್ದರೆ ತೆಗೆಸಬಹುದಿತ್ತು, ಇದು ಕಣ್ಣಿನ ಹಿಂದಿನ ನರ, ಹೋದದ್ದು ಹೋಯಿತು ಎಂದು ಹುಬ್ಬಳ್ಳಿಯ ಡಾಕ್ಟರು ಹೇಳಿದ್ದರಂತೆ. ನಡೆದಾಡುವಷ್ಟು ಕಾಣುತ್ತಿತ್ತು, ಅಕ್ಷರ ಕಾಣುತ್ತಿರಲಿಲ್ಲ. ಕಟ್ಟುಗಳೆಲ್ಲ ಅವರೇ ಕಟ್ಟಿದವು, ಕೈಗೆ ಗುರುತು ಸಿಗುತ್ತಿದ್ದವು. ನೌಕರಿ ಇನ್ನೂ ಒಂದೂವರೆ ವರ್ಷ ಉಳಿದಿತ್ತು. ಗೊತ್ತಾದರೆ ಕುರುಡನೆಂದು ಮನೆಗೆ ಕಳಿಸುತ್ತಾರೆ ಎಂಬ ಹೆದರಿಕೆ.

"ಹಳೇ ಲೈಟ ಇದ್ದಾಗ ಅದರ ಮ್ಯಾಲ ಹಾಕತಿದ್ದೆ. ಈಗ ಯಾರ ಮ್ಯಾಲ ಹಾಕಲಿ?"

ಅವರಿಗಿದ್ದ ಒಂದೇ ಮರೆಯನ್ನು ನಾನೇ ಓಡಾಡಿ ಕಿತ್ತುಹಾಕಿದ್ದೆ. ತಡವರಿಸುತ್ತ, ಬೆಳಕು ಕಣ್ಣಿಗೆ ಚುಚ್ಚುತ್ತದೆ ಎಂದು ಬರೆದುಬಿಡಲೇ ಕಾಕಾ, ಹಳೆಯದನ್ನೇ ಹಾಕಿಸೋಣ ಎಂದೆ.

"ಬ್ಯಾಡ. ಬೆಳಕಿನ ಬಗ್ಗೆ ತಕರಾರಿಲ್ಲ ಅಂತ ಬರಿ. ತಕರಾರ ಬರದ್ರ ನೋಡಾಕ ಬರತಾರ."

ಹೊಸ ಫಾರ್ಮಿನಲ್ಲಿ 'ಕಣ್ಣಿಗೆ ಬಹಳ ಹಿತವಾಗಿದೆ' ಎಂದು ಬರೆದು, ಬೆರಳು ಹಿಡಿದು ಸಹಿಯ ಜಾಗ ತೋರಿಸಿದೆ. ಅಂದಿನಿಂದ ಯಾರೇ ಉತಾರಕ್ಕೆ ಬಂದರೂ ಏನಾದರೊಂದು ನೆವ ಮಾಡಿ ಆ ಕೋಣೆಗೆ ಹೋಗಿ ಓದುತ್ತಿದ್ದೆ. ಮುದುಕನ ಕುರ್ಚಿಯ ಮೇಲೆ ಇವನ ಕಣ್ಣು ಎಂದು ಉಳಿದವರು ಆಡಿಕೊಂಡರು. ನಿವೃತ್ತಿಯ ದಿನ ಸಾಹೇಬರು ಹಾರ ಹಾಕಿ, ಹೊಸ ದೀಪಗಳು ಬಂದ ಮೇಲೆ ದಾಖಲೆ ಕೋಣೆಯಿಂದ ಒಂದು ತಪ್ಪೂ ಆಗಿಲ್ಲ ಎಂದು ಭಾಷಣ ಮಾಡಿದರು. ನಾವೆಲ್ಲ ಚಪ್ಪಾಳೆ ತಟ್ಟಿದೆವು. ಶಿವಲಿಂಗಪ್ಪನವರೂ ತಟ್ಟಿದರು.

ಈಗ ಬೇರೆ ಊರಿನ ಕಚೇರಿಯಲ್ಲಿ ನಾನೇ ಹತ್ತು ಜನರ ಮೇಲಿನವನು. ಅಂಗಿಯ ಅಳತೆ ಕೊಟ್ಟು ಬಂದ ಮರುದಿನ ಐವತ್ತು ದಾಟಿದ ಗುಮಾಸ್ತರೊಬ್ಬರು, ತಮ್ಮ ಟೇಬಲ್ಲಿನ ಮೇಲೆ ಬೆಳಕು ಸಾಲದು, ಇನ್ನೆರಡು ದೀಪ ಹಾಕಿಸಬೇಕು ಎಂದು ಅರ್ಜಿ ತಂದರು. ಹೋಗಿ ನೋಡಿದೆ. ಆ ಬೆಳಕಿನಲ್ಲಿ ಸೂಜಿಗೆ ದಾರ ಪೋಣಿಸಬಹುದಿತ್ತು.

ಅವರನ್ನು ಒಳಗೆ ಕರೆದುಕೊಂಡು ಬಂದೆ. ಅರ್ಜಿ ಮಡಿಸಿ ಜೇಬಿನಲ್ಲಿಟ್ಟು, ಬಾಗಿಲು ಹಾಕಿ, ನನ್ನ ಕುರ್ಚಿಯನ್ನು ಅವರ ಹತ್ತಿರ ಎಳೆದುಕೊಂಡೆ.

"ಯಾವ ಕಣ್ಣರಿ?" ಎಂದು ಕೇಳಿದೆ.