ಚಿಕ್ಕಪ್ಪನ ಪಟ್ಟಿಯಲ್ಲಿ ನನ್ನ ಹದಿನೈದು ಸಾಲು

ಸಾಗರದ ಮೊಬೈಲ್ ರಿಪೇರಿ ಅಂಗಡಿಯಲ್ಲಿ ಬೆಸುಗೆಯ ರಾಳ ಸುಟ್ಟ ವಾಸನೆ ಮೂಗಿಗೆ ಬಡಿದಾಗ ನನ್ನ ಕೈಯಲ್ಲಿ ಪತ್ರಿಕೆಯಿತ್ತು. ಪುಟ್ಟ ದೇಶವೊಂದು ತನ್ನ ಮೊದಲ ವೈಜ್ಞಾನಿಕ ಉಪಗ್ರಹ ಹಾರಿಸಿದೆಯಂತೆ. ರೇಡಿಯೋ ಅಲೆಗಳನ್ನು ನೆಲಕ್ಕೆ ತಿರುಗಿಸಿ ಕಳಿಸುವ ಮೇಲಿನ ವಾಯುಪದರವನ್ನು ಅದು ಅಳೆಯುತ್ತದಂತೆ. ಕೂಸು ಮೊದಲ ಸಲ ಎದ್ದು ನಿಂತಿತೆಂಬಂತೆ ಚಪ್ಪಾಳೆ ತಟ್ಟುವ ತಲೆಬರಹ. ಈ ಧಾಟಿಯೇ ನನಗೆ ಅಸಹ್ಯ. ಆ ದೇಶವನ್ನು ನಾನು ಬಲ್ಲೆ. ಅದು ನಮ್ಮ ಚಿಕ್ಕಪ್ಪನನ್ನು ಸುಳ್ಳುಗಾರ ಅಂದಿತ್ತು.

ಹೊಸನಗರದ ನಮ್ಮ ಮನೆಯ ಮುಂದಿನ ಕೋಣೆಯೇ ಅವನ ರೇಡಿಯೋ ರಿಪೇರಿ ಅಂಗಡಿ. ಆ ಮನೆ ಈಗಿಲ್ಲ. ನೀವೂ ಮನೆ ಕಳೆದುಕೊಂಡವರಾದರೆ ಅದಕ್ಕೆ ಇಲ್ಲದ ಚಂದ ಕಟ್ಟಬೇಡಿ. ನಮ್ಮಲ್ಲಂತೂ ಒಬ್ಬರನ್ನೊಬ್ಬರು ತಾತ್ಸಾರ ಮಾಡುವುದೇ ದಿನಚರಿಯಾಗಿತ್ತು. ಚಿಕ್ಕಪ್ಪ ದಿನಾ ಸಂಜೆ ಏಳಕ್ಕೆ ಆ ದೇಶದ ಶಾರ್ಟ್‌ವೇವ್ ಕೇಂದ್ರ ಹಿಡಿದು, ದನಿ ಎಷ್ಟು ಸ್ಪಷ್ಟವಿತ್ತೆಂದು ನೋಟ್‌ಬುಕ್ಕಿನಲ್ಲಿ ಐದಕ್ಕೆ ಅಂಕ ಹಾಕಿ, ತಿಂಗಳಿಗೊಮ್ಮೆ ಪಟ್ಟಿಯನ್ನು ನಕಲು ಮಾಡಿ ಅಲ್ಲಿಗೆ ಅಂಚೆಯಲ್ಲಿ ಕಳಿಸುತ್ತಿದ್ದ. ಅಲ್ಲಿಂದ ವಂದನೆಯ ಬಣ್ಣದ ಕಾರ್ಡು ಬರುತ್ತಿತ್ತು. "ಆಕಾಶಕ್ಕೆ ಮಾರ್ಕ್ಸ್ ಹಾಕೋ ಮೇಷ್ಟ್ರು ಬಂದ್ರಾ? ಊಟಕ್ಕೆ ಕೂತ್ಕೊಳಿ" ಎಂದು ಅಜ್ಜಿ ಹಂಗಿಸುತ್ತಿದ್ದಳು. "ನಿಂಗೆಂತ ಗೊತ್ತಾಗತ್ತೆ, ಬಡ್ಸು" ಎನ್ನುತ್ತಿದ್ದ ಅವನು.

ಅವನು ಕಾಲು ಮುರಿದುಕೊಂಡು ಹದಿನೈದು ದಿನ ತೀರ್ಥಹಳ್ಳಿಯ ಆಸ್ಪತ್ರೆಯಲ್ಲಿದ್ದಾಗ ಆ ಕೆಲಸ ನನ್ನ ಪಾಲಿಗೆ ಬಂತು. ನನಗಾಗ ಹತ್ತೋ ಹನ್ನೊಂದೋ. ತಪ್ಪು ಚಿಕ್ಕದಾಗಲೆಂದು ಹತ್ತು ಎನ್ನುತ್ತೇನೆ. ಮೊದಲ ಸಂಜೆ ಬರೀ ಕರಕರ ಸದ್ದು. ಮರುದಿನದಿಂದ ಏಳಕ್ಕೆ ಪಕ್ಕದ ಮನೆಯ ಟಿ.ವಿ. ಮುಂದೆ ಕೂತೆ. ಅವನು ಬರುವ ಹಿಂದಿನ ದಿನ ಹದಿನೈದೂ ಸಾಲುಗಳನ್ನು ಕೂತಲ್ಲೇ ತುಂಬಿದೆ: ಮೂರು, ನಾಲ್ಕು, ನಂಬಿಕೆ ಬರಲೆಂದು ನಡುನಡುವೆ ಎರಡು. "ಈ ಮನೇಲಿ ನೀನೊಬ್ಳು ನಿಯತ್ತಿನವಳು" ಎಂದು ಚಿಕ್ಕಪ್ಪ ಪಟ್ಟಿ ಕಳಿಸಿದ. ಈ ಸಲ ಬಂದದ್ದು ಕಾರ್ಡಲ್ಲ, ಕಾಗದ. ಆ ಹದಿನೈದು ದಿನ ಕೇಂದ್ರ ದುರಸ್ತಿಗೆಂದು ಮುಚ್ಚಿತ್ತು, ಇನ್ನು ನಿಮ್ಮ ವರದಿ ಬೇಡ ಎಂದಿತ್ತು.

"ಕೇಳ್ಸಿತ್ತೇನೇ ಪುಟ್ಟಿ?"

"ಕೇಳ್ಸಿತ್ತು ಚಿಕ್ಕಪ್ಪ."

"ಹಂಗಾದ್ರೆ ಅವರ ಸ್ಟೇಷನ್ ಅವರಿಗೇ ಗೊತ್ತಿಲ್ಲ ಬಿಡು. ದಡ್ಡ ಮುಂಡೇವು."

ನಮ್ಮ ಹುಡುಗಿ ಕೇಳಿದ್ದಾಳೆ ಎಂದು ಅವರಿಗೆ ಮೂರು ಸಲ ಬರೆದ. ಉತ್ತರ ಬರಲಿಲ್ಲ. ಸಾಯುವವರೆಗೂ ಆ ಕೇಂದ್ರವನ್ನು ಮತ್ತೆ ಹಿಡಿಯಲಿಲ್ಲ. ಏಳು ಗಂಟೆಗೆ ರೇಡಿಯೋದ ಮುಂದೆ ಸುಮ್ಮನೆ ಕೂರುತ್ತಿದ್ದ. ನಿಜ ಏನೆಂದು ಅವನಿಗೆ ಕೊನೆಗೂ ತಿಳಿಯಲಿಲ್ಲ.

ಉಪಗ್ರಹ ಈಗ ಹೊಸನಗರದ ಮೇಲೂ ಹಾಯುತ್ತಿರಬಹುದು. ನೋಟ್‌ಬುಕ್ ನನ್ನ ಬಳಿಯಿದೆ. ಅವನ ಪುಟಗಳ ತುಂಬ ಕಾಟು ಹೊಡೆದ ಗೆರೆ, ಶಾಯಿಯ ಕಲೆ. ಎಷ್ಟೋ ಸಂಜೆಗಳ ಎದುರಿಗೆ ‘ಕೇಳಿಸಲಿಲ್ಲ’ ಎಂಬ ಒಂದೇ ಮಾತು. ನನ್ನ ಹದಿನೈದು ಸಾಲುಗಳು ಮಾತ್ರ ಒಪ್ಪವಾಗಿವೆ. ಅಲ್ಲೆಲ್ಲೂ ಆ ಮಾತಿಲ್ಲ.