ಮೀನು ಮತ್ತು ಗೀನು

ನನ್ನ ಬಾಯಿಗೊಂದು ಚಟವಿದೆ: ಯಾವ ಮಾತನ್ನೂ ಒಂಟಿಯಾಗಿ ಕಳಿಸುವುದಿಲ್ಲ. ರೊಟ್ಟಿಯ ಹಿಂದೆ ಗಿಟ್ಟಿ, ಚಹಾದ ಹಿಂದೆ ಗಿಹಾ. ಬಾಲವಿಲ್ಲದ ಮಾತು ನನಗೆ ಬೋಳುಬೋಳು. ನಾಲ್ಕನೆಯ ಇಯತ್ತೆಗೇ ಶಾಲೆ ಬಿಟ್ಟು, ಶಹಾಬಾದಿನ ಹತ್ತಿರ ಕಾಗಿಣಾ ಹೊಳೆಯಲ್ಲಿ ಬಲೆ ಹಿಡಿದವನು ನಾನು. ನನ್ನ ಈ ಚಟ ಒಮ್ಮೆ ವಿಜ್ಞಾನದ ಕೆಲಸಕ್ಕೆ ಬಂತೆಂದರೆ ನೀವು ನಗುತ್ತೀರಿ. ನಗಿರಿ, ಆದರೆ ಪೂರ್ತಿ ಕೇಳಿ ನಗಿರಿ.

ಎಂಬತ್ತನೇ ಇಸವಿಯ ಸುಮಾರಿಗೆ ಮೀನಿನ ಮೇಲೆ ಸಂಶೋಧನೆ ಮಾಡುವ ಮೇಡಂ ಒಬ್ಬರು ನಮ್ಮ ದಂಡೆಗೆ ಬಂದರು. "ಮೀನುಗೀನು ಏನ್ ಬೇಕ್ರಿ?" ಎಂದೆ. ಜೀವಂತ ಮೀಸೆಮೀನು ಬೇಕಿತ್ತು. ಬಲೆಯಿಂದ ಬಿಡಿಸಿ ಎರಡು ಕೊಡಗಳಿಗೆ ಬೇರೆಬೇರೆ ಹಾಕಿಕೊಟ್ಟೆ. ಅವರೋ ಎರಡನ್ನೂ ಒಂದೇ ಡಬ್ಬಿಗೆ ಸುರಿಯಲು ಹೊರಟರು. ಪುಸ್ತಕದ ಪ್ರಕಾರ ಎರಡೂ ಒಂದೇ ಜಾತಿಯಂತೆ.

"ಸುರೀಬ್ಯಾಡ್ರಿ! ಅವು ಅಣ್ಣತಮ್ಮ ಖರೆ, ಆದ್ರ ಮನಿ ಬ್ಯಾರೆ ಅದಾವ."

ನನ್ನ ಮೀನು ಕೊಂಡು ವಾಡಿಯಲ್ಲಿ ಮಾರುವ ಖಾಜಾಸಾಬ ಪಕ್ಕದಲ್ಲೇ ಕೂತು ಬೀಡಿ ಸೇದುತ್ತಿದ್ದ. "ವಾರೆವ್ಹಾ ಉಸ್ತಾದ! ಸಾಲಿ ಬಿಟ್ಟಾಂವ ಸಾಲಿ ಕಲ್ತೋರಿಗೆ ಪಾಠ ಹೇಳಾಕತ್ತೀಯಲ್ಲೊ!"

ಆ ಮಾತು ಮೀನಿನ ಮುಳ್ಳಿನಂತೆ ನಾಟಿತು. "ಇವು ಒಂದೇ ಅಂತಾದ್ರ, ಇನ್ನ ಮ್ಯಾಲೆ ಮೀನಿನ ಬಗ್ಗಿ ಬಾಯಿ ತಗಿಯಂಗಿಲ್ಲ ನಾ," ಎಂದುಬಿಟ್ಟೆ. ಮೀನು ಬಿಟ್ಟರೆ ನನಗೆ ಮಾತಾಡಲು ಬರುವುದಾದರೂ ಏನು?

ಮೇಡಂ ನನ್ನ ಕಣ್ಣಿಗೆ ವಸ್ತ್ರ ಕಟ್ಟಿಸಿ, ಮೀನುಗಳನ್ನು ಒಂದೊಂದಾಗಿ ಅಂಗೈಗಿಟ್ಟರು. ಬೆನ್ನಮುಳ್ಳಿನ ಮೇಲೆ ಹೆಬ್ಬೆರಳು ಆಡಿಸಿದರೆ ಒಂದು ಗರಗಸ, ಇನ್ನೊಂದು ನಯ. ಒಂದೂ ತಪ್ಪಲಿಲ್ಲ. "ಮುಳ್ಳೊಂದರಿಂದ ಜಾತಿ ಹೇಳಾಕ ಬರೂದಿಲ್ರಿ, ಒಳಗ ನೋಡಬೇಕು," ಎನ್ನುತ್ತ ಅವರು ಎರಡು ಡಬ್ಬಿ ತುಂಬಿಕೊಂಡು ಹೋದರು. ಎರಡು ಡಬ್ಬಿ! ಅರ್ಧ ಗೆದ್ದೆ ಅಂದುಕೊಂಡೆ. ಉಳಿದರ್ಧಕ್ಕಾಗಿ ತಿಂಗಳುಗಟ್ಟಲೆ ಖಾಜಾಸಾಬನ ಕುಹಕ ನುಂಗಿದೆ.

ಕೊನೆಗೊಂದು ದಿನ ಮೇಡಂ ಫೋಟೋ ಹಿಡಿದು ಬಂದರು. ಅದರಲ್ಲಿದ್ದದ್ದು ಮೀನಿನ ವರ್ಣತಂತುಗಳಂತೆ; ನನಗೆ ಮುರಿದ ಕಡ್ಡಿಗಳ ಹಾಗೆ ಕಂಡವು. ಎರಡರಲ್ಲೂ ಕಡ್ಡಿಗಳ ಎಣಿಕೆ ಒಂದೇ. ಆದರೆ ಅವುಗಳ ಮೇಲಿನ ಕಪ್ಪು ಪಟ್ಟಿಗಳು ಬೇರೆಬೇರೆ. ಆ ಪಟ್ಟಿಗಳಲ್ಲೆಲ್ಲ ಒಂದೇ ಬರಹ ಮತ್ತೆ ಮತ್ತೆ ಬರೆದಿರುತ್ತದಂತೆ. ಅಣ್ಣತಮ್ಮ ಜಾತಿಗಳು ಬೇರೆಯಾಗುವಾಗ ಬೇಗ ಬದಲಾಗುವುದೇ ಆ ಬರಹವಂತೆ.

"ಆ ಬರಹಕ್ಕ ಅರ್ಥ ಏನ್ರಿ?"

"ಹೆಚ್ಚಾಗಿ ಏನೂ ಇಲ್ಲರಿ. ನಿಮ್ಮ ಮೀನುಗೀನಿನೊಳಗ ಗೀನು ಅಂದ್ರ ಏನು, ಹೇಳ್ರಿ ನೋಡೋಣು?"

ಗೀನು, ಗೀನು ಎಂದು ನಾಲಿಗೆಯ ಮೇಲೆ ಹೊರಳಿಸಿದೆ; ಬರೀ ಬಾಲ. ಆಮೇಲೆ ಹೊಳೆಯಿತು. ನಾನು ಚಹಾಗಿಹಾ ಎನ್ನುತ್ತೇನೆ, ಖಾಜಾಸಾಬ ಚಾಯ್‌ವಾಯ್, ವಾಡಿ ಸ್ಟೇಷನ್ನಿನ ಮರಾಠಿ ಹಮಾಲ ಚಹಾಬಿಹಾ. ಕುಡಿಯುವ ಚಹಾ ಮೂವರದೂ ಒಂದೇ. ಅರ್ಥವಿಲ್ಲದ ಬಾಲ ಕೇಳಿದರೆ ಮಾತ್ರ ಯಾರು ಯಾವ ಮನೆಯವರೆಂದು ತಿಳಿಯುತ್ತದೆ.

ಮೀನು ಕೊಳ್ಳಲು ಬಂದಿದ್ದ ಖಾಜಾಸಾಬ ಫೋಟೋವನ್ನು ತಿರುಗಾಮುರುಗಾ ನೋಡಿ, "ಅಂದ್ರ ಸಾಲಿ ಬಿಟ್ಟಾಂವನೇ ಗೆದ್ದ ಅನ್ರಿ," ಎಂದ.

ನಾನು ಹೆಗಲ ಮೇಲಿನ ವಸ್ತ್ರ ಕೊಡವಿದೆ. "ಸಾಲಿ ಬಿಟ್ಟೀನಿ ಖರೆ ಸಾಬ, ಗೀಲಿ ಬಿಟ್ಟಿಲ್ಲ."